ಯಾರ ಹಲ್ಲಿನಾಗ ಬೆಳ್ಳಿ?

ಹಲ್ಲಿನ ದವಾಖಾನ್ಯಾಗ ಒಂದು ದಿನಾನೂ ಸುಮ್ಮನ ಹೋಗೂದಿಲ್ರಿ. ಮಂದಿ ಬಾಯಿ ತಗದು ಕುಂದ್ರೂ ಜಾಗಾ ಅದು. ಬಾಯಿ ತಗದ ಮ್ಯಾಲ ಡಾಕ್ಟರಿಗೆ ಬರೇ ಹಲ್ಲು ಕಾಣತಾವು, ಬಾಜೂಕ ನಿಂತ ನನಗ ಅವರ ಮನೆತನಾನ ಕಾಣತೈತಿ.

ನಾ ಇರೂದು ಗೋವಾದ ಸಾವರ್ಡೆಯೊಳಗ. ದವಾಖಾನ್ಯಾಗ ಹೆಸರಿಗೆ ರಿಸೆಪ್ಶನ್ ಕೆಲಸ. ಖರೇ ಅಂದ್ರ ಪಾಳಿ ಹಚ್ಚೂದು, ಫೋನ್ ಎತ್ತೂದು, ಸೂಜಿ ನೋಡಿ ಅಂಜಿದವರ ಕೈ ಹಿಡಿಯೂದು, ಎಲ್ಲಾ ನಂದ. ಇದರ ಮ್ಯಾಲ ಇನ್ನೊಂದು. ನಮ್ಮ ಡಾಕ್ಟರ್ ಮೇಡಂದು ಮನಿಮಾತು ಕೊಂಕಣಿ. ಬೆಳಗಾವಿ, ಧಾರವಾಡ, ವಿಜಾಪುರದಿಂದ ಬಂದು ಇಲ್ಲೇ ನೆಲಿ ನಿಂತ ನಮ್ಮ ಮಂದಿಗೆ ಮೇಡಂ ಹೇಳಿದ್ದನ್ನ ಕನ್ನಡದಾಗ ತಿಳಿಸೂದು, ಇವರು ಹೇಳಿದ್ದನ್ನ ಅವರಿಗೆ ಮುಟ್ಟಸೂದು.

ನನಗ ಕುಂತಲ್ಲಿ ಕುಂದ್ರಾಕ ಬರೂದಿಲ್ಲ. ಸಣ್ಣಾಕಿದ್ದಾಗಿಂದ ಹಿಂಗ. ಒಲಿ ಮ್ಯಾಲ ಹಾಲು ಇಟ್ರ ಉಕ್ಕೂತನಕ ಹತ್ತು ಸಲ ಇಣಿಕಿ ನೋಡಾಕಿ ನಾ. "ನಿನ್ನ ಕಾಲಾಗ ಚಕ್ರ ಅದಾವು" ಅಂತಾರ ನಮ್ಮನಿಯವರು. ಆದ್ರ ಹೋದ ಮಳಿಗಾಲದಾಗ ನಾ ಚಡಪಡಿಸಿದಷ್ಟು ಎಂದೂ ಚಡಪಡಿಸಿಲ್ಲ. ಕಾರಣ, ಮೂರು ಮಂದಿ ಮುದುಕರ ಕಟ್ಟಿದ ಹಲ್ಲು. ಅದರಾಗ ಒಂದು ಸೆಟ್ಟು ನಮ್ಮ ಮನ್ಯಾಗ ಇತ್ತು.

ಅತ್ತಿ ನಾಲಗಿ

ಸ್ಟೇಶನ್ ಹಂತೇಕ ನಮ್ಮದೊಂದು ಚಟ್ನಿಪುಡಿ ಅಂಗಡಿ ಐತಿ. ಶೇಂಗಾ, ಅಗಸಿ, ಗುರೆಳ್ಳು, ಪುಠಾಣಿ, ಎಲ್ಲಾ ಥರದ್ದೂ ಸಿಗತೈತಿ. ಹುಬ್ಬಳ್ಳಿ ಕಡೆ ರೈಲು ಹತ್ತಾವರು, ಅದಿರಿನ ಲಾರಿ ಹೊಡಿಯಾವರು, ಎಲ್ಲಾರೂ ನಮ್ಮ ಗಿರಾಕಿ. ಹುರಿಯಾಕ ಆಳು ಅದಾರ, ಕುಟ್ಟಾಕ ಮಿಷಿನ್ ಐತಿ. ಆದ್ರ ಉಪ್ಪು, ಹುಳಿ, ಖಾರ ಕೂಡಿ ಬಂದಾವೋ ಇಲ್ಲೋ ಅಂತ ಹೇಳೂದು ನಮ್ಮ ಅತ್ತಿ ನಾಲಗಿ. ಅವರು ಒಂದು ಚಿಟಿಕಿ ಬಾಯಾಗ ಹಾಕ್ಕೊಂಡು "ಹೂಂ" ಅಂದ್ರ ಡಬ್ಬಿ ತುಂಬೂದು. "ಊಹೂಂ" ಅಂದ್ರ ಮತ್ತ ಮೊದಲಿಂದ.

ಮಳಿ ಹಿಡದ ಹೊತ್ತಿಗೆ ಅತ್ತಿ ಬಾಯಿ ಕೆಟ್ಟಿತು. ಮ್ಯಾಲಿನ ಕಟ್ಟಿದ ಹಲ್ಲಿನ ಕೆಳಗ ಅಂಗುಳ ಕೆಂಪಗಾಗಿ ಉರಿ ಎದ್ದಿತು. ಖಾರ ತಾಗಿದ್ರ ಕಣ್ಣಾಗ ನೀರು. ರೊಟ್ಟಿ ಬಿಟ್ಟು ಗಂಜಿಗೆ ಬಂದ್ರು. ರುಚಿನೂ ತಿಳಿಯವಲ್ದಾತು. ತಿಳಿಯವಲ್ದು ಅಂತ ಒಪ್ಪಿಕೊಳ್ಳೂ ಪೈಕಿ ಅಲ್ಲ ಅವರು. ಅಂದಾಜಿನ ಮ್ಯಾಲ "ಹೂಂ" ಅನ್ನಾಕ ಸುರು ಮಾಡಿದ್ರು. ಒಂದಿನ ರೈಲ್ವೆ ಗಾರ್ಡ್ ಒಬ್ರು ಡಬ್ಬಿ ತಿರುಗಿ ತಂದ್ರು.

"ಅಕ್ಕಾರ, ಒಂದು ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಇದರಾಗ ಶೇಂಗಾಕ್ಕ ಉಪ್ಪು ಹಾಕೀರೋ, ಉಪ್ಪಿಗೆ ಶೇಂಗಾ ಹಾಕೀರೋ?"

ಅತ್ತಿ ಗಲ್ಲೇದ ಮ್ಯಾಲಿಂದನ ಹೇಳಿದ್ರು, "ಸಮುದ್ರದ ಗಾಳಿರಿ. ಗೋವಾದಾಗ ಎಲ್ಲಾದಕ್ಕೂ ಉಪ್ಪು ತಾನ ಹತ್ತತೈತಿ." ಸಾವರ್ಡೆಯಿಂದ ಸಮುದ್ರ ನೋಡಬೇಕಂದ್ರ ಎರಡು ಬಸ್ಸು ಬದಲ್ ಮಾಡಬೇಕು.

ಮುಂದ ನಾಗರ ಪಂಚಮಿ ಇತ್ತು. ಪಂಚಮಿಗೆ ಇಲ್ಲಿಯ ಕನ್ನಡ ಮಂದಿ ಎಲ್ಲಾರ ಮನಿಗೂ ನಮ್ಮ ಪುಡಿನ ಹೋಗೂದು. ಅವಾಗ ನಾಲಗಿ ತಪ್ಪಿತಂದ್ರ ಅಂಗಡಿ ಹೆಸರು ಹೋತು. ಎದುರಿಗೆ ಹೊಸಾ ಚಟ್ನಿ ಅಂಗಡಿ ಒಂದು ಆಗಲೇ ಬೋರ್ಡ್ ಹಾಕಿ ಕುಂತಿತ್ತು. ಅತ್ತಿನ್ನ ಎಳಕೊಂಡ ಹೋಗಿ ಮೇಡಂ ಮುಂದ ಕುಂದ್ರಿಸಿದೆ.

ಮೇಡಂ ನೋಡಿದ್ರು. "ಬೂಷ್ಟು" ಅಂದ್ರು. ಕಟ್ಟಿದ ಹಲ್ಲು ಚುಚ್ಚಬಾರದಂತ ಒಳಮೈಗೆ ಒಂದು ಮೆತ್ತನ್ನ ಪದರು ಹಚ್ಚಿರತಾರ. ಅದರಾಗ ಬೂಷ್ಟು ಕುಂತಿತ್ತು, ಹಸಿ ಚಮಚ ಅದ್ದಿದ ಉಪ್ಪಿನಕಾಯಾಗ ಬರತೈತಲ್ಲ, ಹಂಗ. "ರಾತ್ರಿ ಹಲ್ಲು ತಗದು ನೀರಾಗ ಇಡತಾರೇನು, ಕೇಳು" ಅಂದ್ರು. ಕೇಳಿದೆ. ಅತ್ತಿ ತಲಿ ಅಲ್ಲಾಡಿಸಿದ್ರು, ಹೌದಂತ.

ಅದು ಸುಳ್ಳು. ಅವರು ಮಲಗಿದಾಗ ನಾ ಇಣಿಕಿ ನೋಡೇನಿ, ಬಾಯಿ ತುಂಬ ಹಲ್ಲು ಇರತಿದ್ವು. ನಾನೂ ಬಿಟ್ಟಾಕಿ ಅಲ್ಲ. "ಅತ್ತಿ, ಹಲ್ಲು ತಗೀರಿ. ಕೊಡ್ರಿ, ನಾ ತೊಳೀತೇನಿ. ಬಾಯಿ ತಗೀರಿ, ನೋಡತೇನಿ" ಅಂತ ದಿನಾ ಬೆನ್ನಹತ್ತತಿದ್ದೆ. ಅವರು ಸೆರಗು ಬಾಯಿಗೆ ಅಡ್ಡ ಹಿಡದು ಆ ಕಡೆ ಹೊಳ್ಳತಿದ್ರು. "ಹೊರಗ ಇಟ್ರ ಬೆಕ್ಕು ಒಯ್ಯತೈತಿ" ಅನ್ನೂದು ಅವರ ಕಾಯಂ ಉತ್ತರ. ನಮ್ಮ ಮನ್ಯಾಗ ಬೆಕ್ಕ ಇಲ್ಲ.

ಅರ್ಧಾ ಮಂದಿಗೆ ಬೆಳ್ಳಿ

ಅದ ಹೊತ್ತಿಗೆ ಮೇಡಂ ಕಲತ ಕಾಲೇಜಿನವರು ಒಂದು ಪರೀಕ್ಷಾ ಹಮ್ಮಿಕೊಂಡಿದ್ರು. ಆ ಮೆತ್ತನ್ನ ಪದರಿನಾಗ ಬೆಳ್ಳಿಯ ಅತೀ ಸಣ್ಣ ಕಣ ಕೂಡಿಸಿದ್ರ ಬೂಷ್ಟು ಬೆಳಿಯೂದಿಲ್ಲೇನು ಅಂತ ನೋಡೂದು. ಅರ್ಧಾ ಮಂದಿಗೆ ಬೆಳ್ಳಿ ಹಾಕಿದ ಪದರು, ಇನ್ನರ್ಧಾ ಮಂದಿಗೆ ಸಾದಾದು. ಎರಡೂ ನೋಡಾಕ ಒಂದ ನಮೂನಿ. ಯಾರಿಗೆ ಯಾವುದು ಅಂತ ಹಲ್ಲಿನವರಿಗೂ ಗೊತ್ತಿರಬಾರದು, ಮೇಡಂಗೂ ಗೊತ್ತಿರಬಾರದು. ಮುಗದ ಮ್ಯಾಲ ಕಾಲೇಜಿನವರು ಹೇಳತಾರ.

ನಮ್ಮ ಓಣ್ಯಾಗಿಂದ ಮೂರು ಮಂದಿ ಒಪ್ಪಿದ್ರು. ಒಬ್ರು ನಮ್ಮ ಅತ್ತಿ. ಇನ್ನೊಬ್ರು ಕಿರಾಣಿ ಸಾವಕಾರ್ರು, ಬೆಳಗಾವಿ ಕಡಿಯವರು, ಮಗನ ಕೈಯಾಗ ಅಂಗಡಿ ಕೊಟ್ರೂ ತಕ್ಕಡಿ ಬಿಟ್ಟಿಲ್ಲ. ಮೂರನೇದಾಕಿ ಚಾಚಿ, ವಿಜಾಪುರದಾಕಿ, ಆಕಿ ಗಂಡ ಅದಿರಿನ ಟಿಪ್ಪರ್ ಹೊಡದು ಈಗ ಮನ್ಯಾಗ ಅದಾನ.

ಮೂವರನ್ನೂ ಕುಂದ್ರಿಸಿ ನಾ ತಿಳಿಸಿ ಹೇಳಿದೆ. "ನೋಡ್ರಿ, ಹಿಟ್ಟು ವಸ್ತ್ರಗಾಳ ಹಿಡೀತೇವಲ್ಲ, ಆ ಬಟ್ಟಿಗೆ ಒಂದಿಷ್ಟು ಧೂಳು ಹತ್ತಿರತೈತಿ. ಈ ಬೆಳ್ಳಿ ಕಣದ ಮುಂದ ಆ ಧೂಳು ಗುಡ್ಡ ಇದ್ದಂಗ."

ಚಾಚಿ ಕೇಳಿದ್ಲು, "ಅಷ್ಟು ಸಣ್ಣದಿದ್ರ ಅದು ಐತಿ ಅಂತ ಹೆಂಗ ಹೇಳತೀ?"

"ಕಾಲೇಜಿನ ದೊಡ್ಡ ಮಿಷಿನ್‌ದಾಗ ಕಾಣತೈತಿ."

"ಮಿಷಿನ್ ಅವರದ, ಬೆಳ್ಳಿ ಅವರದ, ಹೇಳಾವರೂ ಅವರ" ಅಂದು ಸುಮ್ಮನಾದ್ಲು.

ಸಾವಕಾರ್ರು ಸುಮ್ಮನಾಗಲಿಲ್ಲ. "ಹಂಗಲ್ಲ ತಂಗಿ, ಮ್ಯಾಲಿನ ಹಲ್ಲಿಗೆ ಬೆಳ್ಳಿ ಹಾಕ್ರಿ, ಕೆಳಗಿಂದಕ್ಕ ಬಿಡ್ರಿ. ಅರ್ಧಾ ಆತಿಲ್ಲ?"

"ಹಂಗ ಬರೂದಿಲ್ರಿ."

"ಹಂಗಾರ ಬೆಳ್ಳಿ ಇಲ್ಲದ್ದು ನನಗ ಬಂದ್ರ ರೇಟಿನಾಗ ಏನು ಬಿಡತೀರಿ?"

"ಸಾವಕಾರ್ರ, ಇದು ಪೂರಾ ಫುಕಟ್ ಐತಿ. ಬಿಡೂದೇನಿರತೈತಿ?"

"ಹೌದೌದು, ಎಲ್ಲಾರೂ ಮೊದಲು ಹಂಗ ಅಂತಾರ" ಅಂದ್ರು.

ನಮ್ಮ ಅತ್ತಿ ಮಾತ್ರ ಏನೂ ಕೇಳಲಿಲ್ಲ. ಪದರು ಹಚ್ಚಿಸಿಕೊಂಡು ಮನಿಗೆ ಬಂದ ಮ್ಯಾಲ ಅಂದ್ರು, "ಬೆಳ್ಳಿ ಅಂದ ಮ್ಯಾಲ ಅದು ಹಲ್ಲಲ್ಲ, ವಸ್ತು." ನಮ್ಮ ಮನ್ಯಾಗ ಒಂದು ಪದ್ಧತಿ ಐತಿ. ದೀಪ ಹಚ್ಚಿ ಪೂಜಿ ಆತಂದ್ರ ಪೂಜಿ ತಾಟು, ಬಟ್ಟಲ, ಕುಂಕುಮದ ಭರಣಿ, ಬೆಳ್ಳೀದು ಅಂದದ್ದೆಲ್ಲಾ ಒರಸಿ ತಿಜೋರಿಯೊಳಗ ಹೋಗಬೇಕು. ಬೆಳ್ಳಿ ರಾತ್ರಿ ಹೊರಗ ಇರಬಾರದು. ಮಾವನೋರ ಕಾಲದಿಂದ ಹಂಗ, ಕೀಲಿ ಅತ್ತಿ ಸ್ವಂಟದಾಗ. ಅವತ್ತ ಊಟಾದ ಮ್ಯಾಲ ಅತ್ತಿ ಒಳಗಿನ ಖೋಲಿಗೆ ಹೋಗಿ ಬಾಗಿಲ ಹಾಕ್ಕೊಂಡ್ರು. ತಿಜೋರಿ ಕಿರ್ ಅಂದಿತು. ಬಾಗಿಲ ಸಂದಿಯಾಗಿಂದ ಇಣಿಕಿದೆ. ಒಂದು ಬೆಳ್ಳಿ ಬಟ್ಟಲದಾಗ ನೀರು, ನೀರಿನಾಗ ಹಲ್ಲು, ಮ್ಯಾಲ ಕಬ್ಬಿಣದ ಬಾಗಿಲ.

ನಾ ಹೊರಗ ನಿಂತು ಕುಣಿಯೂದೊಂದ ಬಾಕಿ. ಇಷ್ಟು ದಿನ ನಾ ಬಾಯಿ ಹರಕೊಂಡ್ರೂ ಆಗದ್ದನ್ನ ಕಣ್ಣಿಗೆ ಕಾಣದ ಧೂಳು ಮಾಡಿ ತೋರಿಸ್ತು. ಆದ್ರ ಮರುದಿನದಿಂದ ಹೊಸಾ ಚಿಂತಿ ಹತ್ತಿತು. ಅತ್ತಿ ಹಲ್ಲಿನಾಗ ಬೆಳ್ಳಿ ಇರದಿದ್ರ? ಅದು ಅವರಿಗೆ ತಿಳದ್ರ? ಹಲ್ಲು ಮತ್ತ ಬಾಯಾಗ, ಬೂಷ್ಟು ಮತ್ತ ಅಂಗುಳದಾಗ, ಉಪ್ಪು ಮತ್ತ ಡಬ್ಬ್ಯಾಗ.

ನಮ್ಮನಿಯವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಒಂದಿನ ನಸುಕಿನ್ಯಾಗ ಏನೋ ಕಾಗದ ಬೇಕಂತ ಕೀಲಿ ಇಸಗೊಂಡು ತಿಜೋರಿ ತಗದಾವರು ಹಂಗ ಹೊರಗ ಬಂದ್ರು. ಮಾರಿ ಬೆಳ್ಳಗಾಗಿತ್ತು.

"ಏನಾತ್ರಿ?"

"ಅವ್ವ ಹಿತ್ತಲದಾಗ ಅದಾಳ ಅಲ್ಲ?"

"ಹೌದ್ರಿ, ಬಟ್ಟಿ ಒಣಗಹಾಕಾಕತ್ತಾರ."

"ಮತ್ತ ಒಳಗ ನನ್ನ ನೋಡಿ ನಗಾಕತ್ತಾಳ."

ಚಾಚಿ ಹಲ್ಲು ಕಪ್ಪಾದದ್ದು

ಪದರು ಹಚ್ಚಿ ಕೆಲವು ದಿನಕ್ಕ ಎಲ್ಲಾರೂ ಬಂದು ತೋರಿಸಬೇಕಿತ್ತು. ಹತ್ತಿ ಸುತ್ತಿದ ಕಡ್ಡಿಲೆ ಬಾಯೊಳಗ ಒರಸಿ ಕಾಲೇಜಿಗೆ ಕಳಸೂದು, ಅಲ್ಲೆ ಬೂಷ್ಟು ಬೆಳಸಿ ನೋಡತಾರ. ಚಾಚಿ ಪಾಳಿ ಬಂತು. ಹಲ್ಲು ತಗದು ಕೊಟ್ಲು. ಒಳಗಿನ ಪದರು ಹಂಚಿನಂಗ ಕಪ್ಪು.

ಮೇಡಂ ಕುರ್ಚಿಯಿಂದ ಎದ್ದು ನಿಂತ್ರು. "ಬೆಳ್ಳಿ ಕಪ್ಪಾಗಿರಬೇಕು. ಹಿಂಗ ಆಗಬಾರದಿತ್ತು" ಅಂತ ಅವರಷ್ಟಕ್ಕ ಅವರ ಅನ್ನಾಕತ್ರು. ಕಾಲೇಜಿಗೆ ಫೋನ್ ಹೋತು. ಅಲ್ಲಿಂದ ಒಬ್ಬ ಸರ್, ಸುರಿಯೂ ಮಳ್ಯಾಗ, ಕಾರ್ ತಗೊಂಡು, ಕ್ಯಾಮೆರಾ ತಗೊಂಡು ಬಂದ್ರು. ಕೆಂಪು ರಾಡಿ ತುಳಕೋತ ಒಳಗ ಬಂದಾವರು ಬೂಟು ಬಿಚ್ಚೂದೂ ಮರತು ಹಲ್ಲಿನ ಫೋಟೊ ತಗ್ಯಾಕ ಹತ್ತಿದ್ರು. ಮ್ಯಾಲಿಂದೊಂದು, ಕೆಳಗಿಂದೊಂದು, ಬಾಜೂದಿಂದ ಒಂದು.

ನಡುವ ನನಗ ಪ್ರಶ್ನಿ ಮ್ಯಾಲ ಪ್ರಶ್ನಿ. "ಏನ್ ತಿಂದ್ರು, ಕೇಳು." ಊಟಾ ಮಾಡೇನಿ ಅಂದ್ಲು ಚಾಚಿ. "ಯಾವುದಾರ ಔಷಧ ತಗೊಂಡಾರೇನು?" ಇಲ್ಲ. "ಹಲ್ಲು ಏನ್ ಹಚ್ಚಿ ತೊಳೀತಾರ?"

"ನೀರು, ಮೆತ್ತನ್ನ ಬ್ರಷ್. ನೀನ ಹೇಳಿದ್ದೆಲ್ಲ? ಅದರ ಮ್ಯಾಲ ಒಂದು ಹನಿ ಬ್ಯಾರೆ ಮುಟ್ಟಿಸಿಲ್ಲ."

ಸರ್ ಮತ್ತ ಮೇಡಂ ಒಬ್ಬರ ಮಾರಿ ಒಬ್ರು ನೋಡಿದ್ರು. ಇಡೀ ಪರೀಕ್ಷಾನ ನಿಂದ್ರಿಸಬೇಕೇನು ಅನ್ನೂ ಮಾತು ಬಂತು. ನಿಂತ್ರ ಅತ್ತಿ ಹಲ್ಲಿನ ಗುಟ್ಟು ಇವತ್ತ ಒಡೀತೈತಿ, ಪಂಚಮಿ ಇನ್ನೂ ದೂರ ಐತಿ.

ಚಾಚಿಗೆ ಬ್ಯಾಸರ ಬಂತು. "ಫೋಟೊ ಆದ್ವೇನು? ಕೊಡ್ರಿ ಇತ್ತಾಗ" ಅಂದು ಹಲ್ಲು ಇಸಗೊಂಡು ಬಾಯಾಗ ಕುಂದ್ರಿಸಿದ್ಲು. ಸ್ವಂಟದಾಗಿಂದ ಒಂದು ಸಣ್ಣ ಡಬ್ಬಿ ತಗದ್ಲು. ಬೆರಳಿಗೆ ಕರೇ ಪುಡಿ ಹಚ್ಚಿಕೊಂಡು ಎಲ್ಲಾರ ಮುಂದ ಆರಾಮಶೀರ್ ಹಲ್ಲು ತಿಕ್ಕಾಕ ಸುರು ಮಾಡಿದ್ಲು. ಮಿಶ್ರಿ. ಹೊಗಿಸೊಪ್ಪು ಸುಟ್ಟು ಪುಡಿ ಮಾಡಿದ್ದು. ನಮ್ಮ ಕಡೆ ಎಷ್ಟೋ ಹೆಣ್ಣಮಕ್ಕಳಿಗೆ ಅದಿಲ್ಲದ ಬೆಳಕ ಹರಿಯೂದಿಲ್ಲ.

ಸರ್ ಕ್ಯಾಮೆರಾ ಕೆಳಗ ಇಳಿಸಿದ್ರು.

"ಚಾಚಿ, ನೀರು ಬ್ರಷ್ ಅಷ್ಟ ಅಂದೆಲ್ಲ?" ಅಂದೆ.

"ತೊಳಿಯೂದಕ್ಕ ಅಷ್ಟ. ಇದು ತೊಳಿಯಾಕಲ್ಲ, ಜೀವಕ್ಕ."

ಮೇಡಂ ಉಸಿರು ಎಳಕೊಂಡು, ಹೊಗಿಸೊಪ್ಪಿನಿಂದ ಏನೇನು ಆಗತೈತಿ ಅಂತ ಸಾವಕಾಶ ಹೇಳಿದ್ರು, ನಾ ಒಂದೊಂದ ಮುಟ್ಟಿಸಿದೆ. ಬಾಯಿಗೆ ಹುಣ್ಣು, ಬ್ಯಾನಿ, ದೊಡ್ಡ ರೋಗ. ಚಾಚಿ ಎಲ್ಲಾ ಕೇಳಿದ್ಲು. ಕಡೀಕ ನಾನೂ ಒಂದು ಕೂಡಿಸಿದೆ, "ಹಿಂಗ ತಿಕ್ಕಿದ್ರ ಹಲ್ಲು ಹಾಳಾಗತಾವು ಚಾಚಿ."

"ಆಗಲಿ ಬಿಡ. ಇವೇನು ನನ್ನವೇನು? ನೀವ ಕೊಟ್ಟದ್ದು."

ಮೊಲೆಂ ನಾಕಾ

ಸಾವಕಾರ್ರಿಗೆ ಬೆಳಗಾವಿ ಕಡೆ ಒಂದು ಹೆಸರಿಡೂ ಕಾರ್ಯಕ್ರಮ ಇತ್ತು. ಬಾಯಿಗೆ ಆಗಾಗ ಬಿಡುವು ಕೊಡ್ರಿ ಅಂತ ಮೇಡಂ ಹೇಳಿದ್ದನ್ನ ಅವರು ಭಾಳ ಮನಸ್ಸಿಗೆ ತಗೊಂಡಿದ್ರು. ಬಸ್ಸಿನಾಗ ಮಾತಾಡೂದಿಲ್ಲ, ತಿನ್ನೂದಿಲ್ಲ, ಹಲ್ಲು ಯಾಕ ಸವಿಸಬೇಕು ಅಂತ ತಗದು ಅಗಲ ಬಾಯಿಯ ಗಾಜಿನ ಬಾಟ್ಲಿಯೊಳಗ ನೀರು ಹಾಕಿ ಮುಳುಗಿಸಿ, ಟಾವೆಲ್ಲಿನಾಗ ಸುತ್ತಿ, ಚೀಲದ ತಳಕ್ಕ ಇಟ್ಟಿದ್ರು. ಮುಂದಿಂದು ಆ ಬಸ್ಸಿನ ಕಂಡಕ್ಟರ್ ಹೇಳಿದ್ದು. ಅವ ನಮ್ಮ ಅಗಸಿ ಚಟ್ನಿ ಗಿರಾಕಿ.

ಮೊಲೆಂ ದಾಟಿದ್ರ ಘಟ್ಟ, ಘಟ್ಟ ಹತ್ತಿದ್ರ ಕರ್ನಾಟಕ. ನಾಕಾದಾಗ ಬಸ್ಸು ನಿಂದ್ರಿಸಿ ಚೀಲ ತಪಾಸ ಮಾಡತಾರ. ಗೋವಾದಾಗ ಬಾಟ್ಲಿ ಅಗ್ಗ, ಚೀಲದ ತಳದಾಗ ಇಟಗೊಂಡು ಹೋಗಾವರು ಭಾಳ. ಸಾವಕಾರ್ರ ಚೀಲ ಮುಟ್ಟಿ ನೋಡಿದ ಸಾಹೇಬ್ರಿಗೆ ಗಾಜು ಕೈಗೆ ಹತ್ತಿತು. ಅಲ್ಲಾಡಿಸಿದ್ರು. ಒಳಗ ಗಳಗಳ ಅಂತು.

"ಏನೈತ್ರಿ ಅಜ್ಜಾರ?"

ಸಾವಕಾರ್ರು ಖರೇನ ಹೇಳಿದ್ರು. ಆದ್ರ ಹಲ್ಲಿಲ್ಲದ ಬಾಯಿಲೆ ಹೇಳಿದ್ರು. ಏನಂದ್ರೋ ಯಾರಿಗೂ ತಿಳೀಲಿಲ್ಲ. ಮಾತು ಒಂದು ಕಡೆ ಜಾರಿದ್ರ ತುಟಿ ಒಂದು ಕಡೆ ಜಾರತಿದ್ವು. ಸಾಹೇಬ್ರು ಮೂಗು ಹತ್ರ ತಂದ್ರು. ಸಾವಕಾರ್ರಿಗೆ ಸಿಟ್ಟು ಬಂತು, ಕಣ್ಣು ಕೆಂಪಾದ್ವು, ಎದ್ದು ನಿಂತು ಬಸ್ಸಿನ ಸರಳು ಹಿಡದು ಜೋರ್ ಮಾಡಿ ಇನ್ನೊಮ್ಮೆ ಅಂದ್ರು. ಅದು ಇನ್ನೂ ಕೆಟ್ಟು ಬಂತು.

"ಮುಂಜ್ ಮುಂಜಾನೆನ ಏರಸ್ಯಾರ ನೋಡ್ರಿ. ಈ ವಯಸ್ಸಿನಾಗ" ಅಂದ ಹಿಂದಿನ ಸೀಟಿನಾವ.

ಜನ್ಮದಾಗ ಸೋಡಾನೂ ಕುಡೀದ ಮನಷ್ಯಾ ಸಾವಕಾರ್ರು. ಸಾಹೇಬ್ರು ಟಾವೆಲ್ ಬಿಚ್ಚಿದ್ರು. ಬಾಟ್ಲಿಯೊಳಗಿಂದ ಮ್ಯಾಲಿನ ಸಾಲು, ಕೆಳಗಿನ ಸಾಲು ಎರಡೂ ಅವರನ್ನ ನೋಡಿದ್ವು. ಬಾಟ್ಲಿ ಕೈ ಬಿಡೂದ್ರಾಗ ಸಾವಕಾರ್ರು ಹಿಡಕೊಂಡ್ರು, ಮುಚ್ಚಳ ತಗದ್ರು, ಹಲ್ಲು ಝಾಡಿಸಿ ಬಾಯಾಗ ಹಾಕ್ಕೊಂಡ್ರು.

ಅಲ್ಲಿಂದ ಸುರು ಆತು. ಸ್ವಚ್ಛ, ಸ್ಪಷ್ಟ, ಒಂದಕ್ಷರ ತಪ್ಪಲಾರದ ಮಾತು. ಅವರ ಮನೆತನ ಯಾವುದು, ಅವರ ಅಜ್ಜ ಯಾವ ವ್ರತ ಹಿಡದಿದ್ದ, ಅವರ ಅಪ್ಪ ಹೆಂಡದ ಅಂಗಡಿ ಮುಂದ ಹಾದು ಹೋಗಬೇಕಾಗತೈತಿ ಅಂತ ಸುತ್ತ ಹೊಡದು ಹೆಂಗ ಹೋಗತಿದ್ದ, ಇವರ ಅಂಗಡ್ಯಾಗ ತೂಕ ಹೆಂಗ, ಭಾವ ಹೆಂಗ, ಎಲ್ಲಾ ಬಂತು. ಡ್ರೈವರ್ ಹಾರ್ನ್ ಹೊಡದ. ಹಿಂದಿನ ಲಾರಿಯವರು ಹಾರ್ನ್ ಹೊಡದ್ರು. ಸಾವಕಾರ್ರು ಇನ್ನೂ ಅಪ್ಪನ ಕಾಲದಾಗ ಇದ್ರು.

ಸಾಹೇಬ್ರು ಖಾಲಿ ಬಾಟ್ಲಿ ಎರಡೂ ಕೈಲೆ ಮುಂದ ಹಿಡದ್ರಂತ. "ಅಜ್ಜಾರ, ನಿಮ್ಮ ಕಾಲಿಗೆ ಬೀಳತೇನಿ. ಮೊದಲಿನಂಗ ಇದರಾಗ ಹಾಕಿ ಕುಂದರ್ರಿ."

ಒರೆಗಲ್ಲು

ಊರಿಂದ ಬಂದ ಮ್ಯಾಲ ಸಾವಕಾರ್ರಿಗೆ ಒಂದ ಹುಚ್ಚು ಹಿಡೀತು. ತಮ್ಮ ಹಲ್ಲಿನಾಗ ಬೆಳ್ಳಿ ಐತೋ ಇಲ್ಲೋ. ಮಾಲು ಕೈಯಾಗ ಐತಿ, ಏನ್ ಮಾಲು ಅಂತ ಗೊತ್ತಿಲ್ಲ, ಇಂಥಾ ವ್ಯಾಪಾರ ಅವರು ಎಂದೂ ಮಾಡಿರಲಿಲ್ಲ. ದವಾಖಾನಿಗೆ ಬಂದು ನನ್ನ ಕೇಳಾವರು. ನನಗ ಗೊತ್ತಿಲ್ರಿ ಅಂದ್ರ, "ಗೊತ್ತಿಲ್ಲ ಅಂತ ಇಷ್ಟು ಲಗೂ ಹೇಳಾಕತ್ತೀ ಅಂದ್ರ ಗೊತ್ತೈತಿ" ಅನ್ನಾವರು.

ಒಂದಿನ ಕಾಲುಂಗುರ ಸಡಿಲಾಗಿ ನಾ ಅಕ್ಕಸಾಲಿಗರ ಅಂಗಡಿಗೆ ಹೋದೆ. ಬಾಕಿನ ಮ್ಯಾಲ ಇಬ್ಬರು ಕುಂತಿದ್ರು. ಒಬ್ರು ಬಾಯಿಗೆ ಕರವಸ್ತ್ರ ಹಿಡದ ಸಾವಕಾರ್ರು. ಇನ್ನೊಬ್ರು ಬಾಯಿಗೆ ಸೆರಗು ಹಿಡದ ನಮ್ಮ ಅತ್ತಿ. ಅಕ್ಕಸಾಲಿಗನ ಮುಂದ ಕೆಂಪು ಬಟ್ಟಿ ಮ್ಯಾಲ ಎರಡು ಸೆಟ್ಟು ಹಲ್ಲು. ಅವ ಒಂದನ್ನ ಹಿಡದು ಅದರ ಅಂಚು ಒರೆಗಲ್ಲಿಗೆ ತಿಕ್ಕಿ, ಆ ಗೆರಿ ಮ್ಯಾಲ ಔಷಧದ ಹನಿ ಬಿಟ್ಟು, ಕಣ್ಣಿಗೆ ಭಿಂಗದ ಗಾಜು ಹಚ್ಚಿಕೊಂಡು ನೋಡಾಕತ್ತಿದ್ದ.

ನನ್ನ ತಲಿ ಕೆಟ್ಟಿತು. "ಇದೇನ್ ಮಾಡಾಕತ್ತೀರಿ?"

"ಬೆಳ್ಳಿ ನೋಡಾಕತ್ತೇನಿ ಅಕ್ಕಾರ. ಮೂಗುತಿ ನೋಡೇನಿ, ಗೆಜ್ಜಿ ನೋಡೇನಿ, ದೇವರ ಕಣ್ಣು ನೋಡೇನಿ. ಇಂಥಾದ್ದು ಇದ ಮೊದಲು."

ನಾ ಎರಡೂ ಸೆಟ್ಟು ಕಸಗೊಂಡೆ. ಆ ಬೆಳ್ಳಿ ಕಲ್ಲಿಗೆ ಹತ್ತೂದಲ್ಲ, ಕಣ್ಣಿಗೆ ಕಾಣೂದಲ್ಲ, ತಿಳಕೊಂಡ್ರ ಪರೀಕ್ಷಾ ಕೆಡತೈತಿ, ಮೇಡಂ ಮಾರಿ ಹೆಂಗ ನೋಡಲಿ, ವಯಸ್ಸಾದಾವರು ಸಣ್ಣ ಹುಡುಗರಂಗ ಮಾಡತೀರಿ ಅಂತ ಬಾಯಿಗೆ ಬಂದಂಗ ಬೈದೆ. ಸಾವಕಾರ್ರಿಗೂ, ಅತ್ತಿಗೂ, ಸಮಾ ಹಂಚಿ. ಅತ್ತಿ ಕಣ್ಣು ಕಿಸಿದು ನೋಡಿದ್ರು, ಆದ್ರ ಒಂದು ಮಾತ ಆಡಲಿಲ್ಲ. ಆಡಾಕ ಹಲ್ಲು ನನ್ನ ಕೈಯಾಗ ಇದ್ವು. ಲಗ್ನಾಗಿ ಬಂದಾಗಿಂದ ಅವರ ಮುಂದ ನಾ ಇಷ್ಟು ಮಾತಾಡಿದ್ದ ಇಲ್ಲ, ಸಿಕ್ಕ ಹೊತ್ತು ಬಿಡಬಾರದಂತ ಇನ್ನೂ ಸ್ವಲ್ಪ ಆಡಿದೆ.

ಸಾವಕಾರ್ರಿಗೆ ಅಕ್ಕಸಾಲಿಗ "ಇಲ್ಲ" ಅಂತ ಹೇಳಿದ್ದ. ಮರುದಿನದಿಂದ ಅವರ ಬಾಯಿ ಉರಿಯಾಕ ಹತ್ತಿತು. ಮೇಡಂ ನೋಡಿದ್ರ ಒಳಗ ಒಂಚೂರೂ ಕೆಂಪಿಲ್ಲ. "ಬೆಳ್ಳಿ ಇಲ್ಲದ್ದಕ್ಕ ಉರಿ" ಅಂತ ಅವರ ವಾದ.

ಆದ್ರ ಅತ್ತಿಗೆ ಏನ್ ಹೇಳಿದ್ದ? ಅದ ನನಗ ಬೇಕಾಗಿದ್ದು. ಹಲ್ಲು ಕಸಗೊಂಡ ದಿನಾನ ಮೂರು ಸಲ ಆ ಅಂಗಡಿ ಮುಂದ ಹಾದೆ, ನಾಲ್ಕನೇ ಸಲ ಒಳಗ ಹೋಗಿ ಮೆಲ್ಲಕ ಕೇಳಿದೆ. ಅವ ಭಿಂಗದಾಗಿಂದನ ನನ್ನ ನೋಡಿದ.

"ತಿಳಕೊಂಡ್ರ ಪರೀಕ್ಷಾ ಕೆಡತೈತಿ ಅಂತ ನೀವ ಅಂದಿರಲ್ಲ ಅಕ್ಕಾರ?"

ಬೆಕ್ಕು

ಅವತ್ತಿನ ಸಂಜಿ ನಾ ಕಿವಿ ಎಲ್ಲಾ ಒಳಗಿನ ಖೋಲಿಗೆ ಇಟ್ಟು ಕುಂತಿದ್ದೆ. ಕುಂತಿದ್ದೆ ಅನ್ನೂದು ಸುಳ್ಳು, ಅಡಗಿಮನಿಗೂ ಪಡಸಾಲಿಗೂ ಓಡಾಡತಿದ್ದೆ. ಊಟಾತು. ಬಾಗಿಲ ಹಾಕಿದ್ರು. ತಿಜೋರಿ ಕಿರ್ ಅಂದಿತು. ಜೀವ ಬಂತು. ಅಂದ್ರ ಅಕ್ಕಸಾಲಿಗ ಅತ್ತಿಗೆ "ಬೆಳ್ಳಿ ಐತಿ" ಅಂತ ಹೇಳ್ಯಾನ ಅಂತ ನಾ ಲೆಕ್ಕ ಹಾಕಿದೆ. ಮರುದಿನವೂ ಕಿರ್ ಅಂತು, ಅದರ ಮರುದಿನವೂ.

ಅಂಗುಳದ ಕೆಂಪು ಇಳೀತು. ಅತ್ತಿ ಗಂಜಿ ಬಿಟ್ಟು ಬಿಸಿ ರೊಟ್ಟಿಗೆ ಬಂದ್ರು, ಆಮ್ಯಾಲ ಕಟಕ ರೊಟ್ಟಿಗೂ ಬಂದ್ರು. ಪಂಚಮಿ ಮಾಲು ಕುಟ್ಟಿದ ದಿನ ನಾವೆಲ್ಲಾ ಅವರ ಸುತ್ತ ನಿಂತಿದ್ವಿ. ಶೇಂಗಾ ಪುಡಿ ಒಂದು ಚಿಟಿಕಿ ಬಾಯಾಗ ಹಾಕ್ಕೊಂಡ್ರು. ಕಣ್ಣು ಮುಚ್ಚಿದ್ರು.

"ಊಹೂಂ. ಉಪ್ಪು ಒಂದು ಗುಂಜಿ ಹೆಚ್ಚಾಗೇತಿ."

ನನಗ ಕಣ್ಣಾಗ ನೀರ ಬಂದ್ವು. ಮತ್ತ ಹುರದ್ವಿ, ಮತ್ತ ಕುಟ್ಟಿದ್ವಿ, ಖುಷೀಲೆ. ಆ ಪಂಚಮಿಗೆ ಡಬ್ಬಿ ಸಾಲಲಿಲ್ಲ. ಉಪ್ಪಿನ ಮಾತು ಆಡಿದ್ದ ಗಾರ್ಡ್ ಸಾಹೇಬ್ರೂ ಬಂದು, ಏನೂ ಆಡದ, ದೊಡ್ಡ ಡಬ್ಬಿನ ತಗೊಂಡು ಹೋದ್ರು.

ಪರೀಕ್ಷಾ ಮುಗೀತು. ಕಾಲೇಜಿನಿಂದ ಫೋನ್ ಬಂತು. ಸಾವಕಾರ್ರ ಹಲ್ಲಿನಾಗ ಬೆಳ್ಳಿ ಇತ್ತು. ಕೇಳಿದ ಕೂಡಲೇ ಅವರ ಉರಿ ನಿಂತಿತು. ಚಾಚಿ ಹಲ್ಲಿನಾಗೂ ಇತ್ತು, ಆದ್ರ ಮಿಶ್ರಿ ಸಲುವಾಗಿ ಆಕಿನ್ನ ಪರೀಕ್ಷಾದಿಂದ ಬಿಟ್ಟಿದ್ರು. "ಬೆಳ್ಳಿ ಹೋಗಿಲ್ಲಲ್ಲ? ಮತ್ತೇನು" ಅಂದ್ಲು ಆಕಿ. ನಮ್ಮ ಅತ್ತೀದು ಸಾದಾ.

"ಮೇಡಂ, ಅವರಿಗೆ ಈಗ ಹೇಳಬ್ಯಾಡ್ರಿ" ಅಂತ ನಾ ಕೈ ಹಿಡಕೊಂಡೆ. "ಬೆಳ್ಳಿ ಐತಿ ಅಂತನ ಅವರು ರಾತ್ರಿ ಹಲ್ಲು ತಗೀತಾರ. ಇಲ್ಲಂತ ತಿಳದ್ರ ಮತ್ತ ಬಾಯಾಗ ಇಟಗೊಂಡು ಮಲಗತಾರ. ಅಂಗಡಿ ಮುಳಗತೈತಿ."

ಮೇಡಂ ನಕ್ಕರು, ಆದ್ರ ಒಪ್ಪಲಿಲ್ಲ. "ಬೆಳ್ಳಿ ಪದರಿನಿಂದ ಉಪಯೋಗ ಐತಿ ಅಂತ ಕಾಣತೈತಿ, ಕಾಲೇಜಿನವರು ಇನ್ನೂ ನೋಡಾಕತ್ತಾರ. ಆದ್ರ ಬೆಳ್ಳಿ ಇರಲಿ, ಬಂಗಾರ ಇರಲಿ, ರಾತ್ರಿ ಹಲ್ಲು ತಗೀಲೇಬೇಕು. ಅದನ್ನ ತಿಳಿಸಿ ಹೇಳೋಣು. ಸುಳ್ಳು ಹೇಳಾಕ ಬರೂದಿಲ್ಲ. ಬಾಯಿ ಅವರದು."

ಸಂಜಿಮುಂದ ತಾವ ಅಂಗಡಿಗೆ ಬಂದ್ರು. ಅತ್ತಿ ಗಲ್ಲೇದ ಮ್ಯಾಲ ಕುಂತಿದ್ರು. ಮೇಡಂ ಕೊಂಕಣ್ಯಾಗ ಎಲ್ಲಾ ಬಿಡಿಸಿ ಹೇಳಿದ್ರು, ನಿಮ್ಮ ಪದರಿನಾಗ "ರುಪೆಂ ನಾ", ಬೆಳ್ಳಿ ಇರಲಿಲ್ಲ, ನಿಮ್ಮ ಬಾಯಿ ಆರಾಮಾದದ್ದು ರಾತ್ರಿ ಹಲ್ಲು ತಗದದ್ದಕ್ಕ. ಹೇಳಿ ನನ್ನ ಕಡೆ ನೋಡಿದ್ರು, ಕನ್ನಡದಾಗ ಹೇಳಂತ.

ಇಷ್ಟು ವರ್ಷ ಎಷ್ಟೋ ಮಂದಿಗೆ ಎಂತೆಂಥಾದ್ದೋ ಮುಟ್ಟಿಸೇನಿ, ಅವತ್ತ ನಾಲಗಿ ಏಳಲಿಲ್ಲ. ಅಂಗಡಿ ಕಣ್ಣ ಮುಂದ ಬಂತು, ಎದುರಿನ ಅಂಗಡಿನೂ ಬಂತು.

"ಅತ್ತಿ, ಮೇಡಂ ಏನಂತಾರ ಅಂದ್ರ... ಹಲ್ಲು ಹಿಂಗ ಜ್ವಾಕಿಲೆ ತಿಜೋರ್ಯಾಗ ಇಡಕೋತ ಹೋಗ್ರಿ ಅಂತಾರ."

ಅತ್ತಿ ಹತ್ತಿಪ್ಪತ್ತು ಡಬ್ಬಿ ಸರಿಸಿ ಇಟ್ರು, ಒಂದೊಂದ.

"ಸಾವರ್ಡ್ಯಾಗ ಅಂಗಡಿ ಇಟ್ಟು ನನ್ನ ತಲಿ ಬೆಳ್ಳಗಾತು. ಅರ್ಧಾ ಗಿರಾಕಿ ಕೊಂಕಣ್ಯಾವರು. ರುಪೆಂ ನಾ ಅಂದ್ರ ಏನಂತ ನನಗ ತಿಳಿಯೂದಿಲ್ಲಂತ ಮಾಡೀಯೇನು?"

ನನಗ ಭೂಮಿ ಬಾಯಿ ಬಿಟ್ರ ಚಲೋ ಇತ್ತು ಅನಿಸ್ತು.

"ಮತ್ತ ಅದೇನು ಹೊಸಾ ಸುದ್ದಿನೂ ಅಲ್ಲ. ಅಕ್ಕಸಾಲಿಗ ಅವತ್ತ ಹೇಳಿದ್ದ, ಇಲ್ಲಂತ."

"ಅವತ್ತ ಗೊತ್ತಿತ್ತಾ? ಮತ್ತ ಇಷ್ಟು ದಿನ ದಿನಾ ತಿಜೋರ್ಯಾಗ ಯಾಕ ಇಟ್ರಿ?"

ಅತ್ತಿ ಸ್ವಂಟದ ಕೀಲಿ ಮುಟ್ಟಿಕೊಂಡ್ರು. "ಮೊದಲನೇ ದಿನ ಬೆಳ್ಳಿ ಅಂತ ಇಟ್ಟೆ. ಬಾಯಿ ಎಷ್ಟು ಹಗುರಾತು ಅಂತೀ. ಬಾಗಿಲ ಹಾಕಿತ್ತು, ಕೀಲಿ ನನ್ನ ಹತ್ರ ಇತ್ತು. ಹಲ್ಲು ಬೆಳತನಕ ಸುರಕ್ಷಿತ. ಹೊರಗ ಇಟ್ರ ಬೆಕ್ಕಿನ ಕಾಟ ಅಂತ ನಾ ಹೇಳತಿದ್ದಿಲ್ಲ?"

"ಅತ್ತಿ, ನಮ್ಮ ಮನ್ಯಾಗ ಬೆಕ್ಕ ಇಲ್ಲಲ್ರಿ."

ಅತ್ತಿ ನನ್ನ ತಲಿಯಿಂದ ಕಾಲತನಕ ನೋಡಿದ್ರು.

"ಐತಿ. ಕುಂತಲ್ಲಿ ಕುಂದ್ರೂದಿಲ್ಲ, ಮಲಗಿದಾಗ ಬಂದು ಇಣಿಕಿ ನೋಡತೈತಿ, ಹಲ್ಲು ಕೊಡ್ರಿ ಹಲ್ಲು ಕೊಡ್ರಿ ಅಂತ ಕಾಲಾಗ ಸುಳೀತೈತಿ. ಹಲ್ಲಿನ ದವಾಖಾನ್ಯಾಗ ನೌಕರಿ ಮಾಡತೈತಿ."

ಹುರಿಯೂ ಆಳು ಜಾಳಗಿ ಕೆಳಗಿಟ್ಟು ನಗಾಕತ್ತಿದ. ಮೇಡಂ ನನ್ನ ತೋಳು ಹಿಡದು, "ಏನಂದ್ರು? ಏನಂದ್ರು ಹೇಳು" ಅಂತ ಕೇಳಿದ್ರು.

"ಉಪ್ಪು ಸರಿ ಐತಿ ಅಂದ್ರು ಮೇಡಂ" ಅಂದೆ.